ಗೋಡೆ ಇನ್ನೂ ಒಣಗಿಲ್ಲ

ನಾನು ಸ್ಕ್ರ್ಯಾಬಲ್ ಬೋರ್ಡಿನ ಮೇಲೆ ಮೂರೇ ಇಂಗ್ಲಿಷ್ ಅಕ್ಷರದ ‘ಕಾಬ್’ ಎಂಬ ಪದ ಇಟ್ಟೆ. ಎದುರಿಗೆ ಕೂತವನು ನಕ್ಕ.

“ನನ್ನ ಗೋಡೆ ತಂದು ಇಲ್ಲಿಟ್ರಲ್ಲ.”

“ಗೋಡೆ ಎಲ್ಲಿಂದ ಬಂತು? ಕಾಬ್ ಅಂದ್ರೆ ಬನ್ನು ಕಣ್ರೀ. ನಮ್ಮ ನಾಟಿಂಗ್‌ಹ್ಯಾಮ್ ಕಡೆ ಬೆಣ್ಣೆ ಸವರಿ ತಿಂತೀವಿ.”

“ನಮ್ಮ ಡೆವನ್‌ನಲ್ಲಿ ತಿಂದ್ರೆ ಹಲ್ಲು ಉದುರತ್ತೆ. ಮಣ್ಣಿಗೆ ಹುಲ್ಲು ಬೆರೆಸಿ, ತುಳಿದು ಕಟ್ಟೋ ಗೋಡೆ ಅದು.”

“ಗಂಡು ಹಂಸಾನೂ ಹೌದು,” ಪಕ್ಕದ ಟೇಬಲ್ಲಿನಿಂದ ನಮ್ಮ ಕ್ಲಬ್ಬಿನ ಕಾರ್ಯದರ್ಶಿ ವಿನಿಫ್ರೆಡ್ ಅಜ್ಜಿ ತಲೆಯೆತ್ತದೆ ಹೇಳಿದಳು. “ಅರ್ಥಕ್ಕೆ ಇಲ್ಲಿ ಪಾಯಿಂಟ್ ಇಲ್ಲ. ಗಡಿಯಾರ ಓಡ್ತಿದೆ, ಆಡ್ರಪ್ಪ.”

ಅವನು ಹೆಡ್ಲಿ. ನಮ್ಮ ಸ್ಕ್ರ್ಯಾಬಲ್ ಕ್ಲಬ್ ಸೇರುವ ಚರ್ಚ್ ಹಾಲಿನ ಹಿಂಬದಿಯ ಮಣ್ಣಿನ ಗೋಡೆ ಚಳಿಗಾಲದಲ್ಲಿ ಕುಸಿದಿತ್ತು, ಅದನ್ನು ಕಟ್ಟಲು ಬಂದಿದ್ದ. ಆಡುವವರ ಲೆಕ್ಕ ಬೆಸವಾಗಿ ಒಬ್ಬರು ಸುಮ್ಮನೆ ಕೂರಬೇಕಾಯಿತೆಂದು ಅಜ್ಜಿ ಅವನನ್ನು ಏಣಿಯಿಂದ ಇಳಿಸಿ, ಕೈ ತೊಳೆಸಿ, ನನ್ನೆದುರು ಕೂರಿಸಿದ್ದಳು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು ಉಳಿದೇ ಇತ್ತು. ನಾನು ಅವನನ್ನು ಹಿಗ್ಗಾಮುಗ್ಗಾ ಸೋಲಿಸಿದೆ. ಮುಂದಿನ ಗುರುವಾರ ಯಾರೂ ಕರೆಯದೆ ಬಂದ.

ನನಗೆ ಸಾವಿರಾರು ಪದ ಬಾಯಿಪಾಠ, ಅರ್ಥದ ಗೊಡವೆ ಇರಲಿಲ್ಲ. ಅವನಿಗೆ ಅರ್ಥದ್ದೇ ಹುಚ್ಚು. ಹಟಕ್ಕೆ ಬಿದ್ದು ನಾನು ಮನೆಯಲ್ಲಿ ಕಾಬ್ ಸುಟ್ಟು ತಂದೆ. ಅವನು ಕಣ್ಣು ಮುಚ್ಚಿ ತಿಂದು, “ಸರಿ, ಬನ್ನೂ ಹೌದು,” ಎಂದು ಸೋಲೊಪ್ಪಿಕೊಂಡ.

ಇನ್ನೊಂದು ಸಂಜೆ ಹೊಳೆಯ ದಂಡೆಗೆ ಹಂಸ ನೋಡಲು ಹೋದೆವು. ಅಜ್ಜಿಯ ಆ ಗಂಡು ಹಂಸ ರೆಕ್ಕೆ ಬಿಚ್ಚಿಕೊಂಡು ನಮ್ಮನ್ನೇ ಅಟ್ಟಿಸಿಕೊಂಡು ಬಂತು. ಕೈ ಕೈ ಹಿಡಿದು ಓಡಿದೆವು. ಓಟ ನಿಂತ ಮೇಲೆ ಕೈ ಬಿಡುವುದು ಇಬ್ಬರಿಗೂ ಮರೆತುಹೋಯಿತು.

ಆಮೇಲೆ ಒಂದು ಗಿಡ್ಡ ಕುದುರೆ. ಅದೂ ಕಾಬ್ ಅಂತೆ. ನನ್ನ ಅಂಗೈಯಲ್ಲಿ ಅದರ ಬಿಸಿಯುಸಿರು, ಕುದುರೆಯ ಬೆನ್ನಿನಾಚೆ ಅವನ ನೋಟ.

“ಈ ಪುಟಾಣಿ ಪದಕ್ಕೆ ಇನ್ನೂ ಎಷ್ಟು ಅರ್ಥ ಇದೆ?”

“ಮುಗಿಯೋದು ಬೇಡ ಅಂತ ಹುಡುಕ್ತಾನೇ ಇದೀನಿ.”

ಅಂದು ನನ್ನನ್ನು ಮನೆಗೆ ಬಿಡಲು ಬಂದವನು ಹಿತ್ತಲಿನ ಹಳೆಯ ಮಣ್ಣಿನ ಗೋಡೆಯನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟಿದ. “ತಲೆಗೆ ಟೋಪಿ, ಕಾಲಿಗೆ ಬೂಟು, ಎರಡೂ ಗಟ್ಟಿಯಾಗಿವೆ. ಮೇಲೆ ಹೆಂಚು, ಕೆಳಗೆ ಕಲ್ಲು. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ.”

“ಯಾರ ಮೊಮ್ಮಕ್ಕಳು?”

ಅವನ ಕಿವಿ ಕೆಂಪಾಯಿತು. ನನಗೆ ರಾತ್ರಿಯಿಡೀ ಆ ಕಿವಿಯದೇ ಕನಸು.

ಆದರೆ ಹಾಲಿನ ಗೋಡೆ ಒಣಗಿದರೆ ಅವನು ಹೊರಡುತ್ತಾನೆ. ದೂರದ ನಾರ್‌ಫೋಕ್‌ನಲ್ಲಿ ಮುಂದಿನ ಕೆಲಸ ಕಾಯುತ್ತಿತ್ತು. ಜನ್ಮದಲ್ಲಿ ಮೊದಲ ಬಾರಿ ನನಗೆ ಬಿಸಿಲು ಕಂಡರೆ ಸಿಟ್ಟು ಬರತೊಡಗಿತು. “ಒಣಗಿತೇನಯ್ಯಾ?” ಎಂದು ಅಜ್ಜಿ ಪ್ರತಿ ವಾರ ಕೇಳುವಳು. “ಇನ್ನೂ ಇಲ್ಲ ಅಜ್ಜಿ,” ಎಂದು ಅವನು ತನ್ನ ಅಕ್ಷರದ ಬಿಲ್ಲೆಗಳನ್ನೇ ನೋಡುತ್ತಾ ಹೇಳುವನು.

ಒಂದು ಗುರುವಾರ ಬೇಗ ಬಂದು ಗೋಡೆ ಮುಟ್ಟಿ ನೋಡಿದೆ. ಬಿಸ್ಕತ್ತಿನಷ್ಟು ಒಣಗಿತ್ತು.

ಅಂದು ಅಜ್ಜಿ ಬಿಡಲಿಲ್ಲ. “ನಾರ್‌ಫೋಕ್‌ನೋರು ಹಾಲಿಗೇ ಫೋನ್ ಮಾಡಿದ್ರು. ಸೋಮವಾರ ಬರದಿದ್ರೆ ಬೇರೆಯವರನ್ನ ನೋಡ್ಕೋತಾರಂತೆ. ಗೋಡೆ ಕತೆ ಏನು?”

“ಇನ್ನೂ ಹಸಿ ಇದೆ ಅಜ್ಜಿ.”

ಎದುರಾಳಿ ಇಟ್ಟ ಪದ ಸುಳ್ಳೆನಿಸಿದರೆ ‘ಚಾಲೆಂಜ್’ ಎನ್ನುವುದು ನಮ್ಮ ಆಟದ ನಿಯಮ. ಊಹೆ ನಿಜವಾದರೆ ಇಟ್ಟವರು ಪದವನ್ನು ವಾಪಸ್ ತೆಗೆದುಕೊಳ್ಳಬೇಕು, ತಪ್ಪಿದರೆ ಅಂದವರ ಸರದಿಯೇ ಹೋಗುತ್ತದೆ. ಖಚಿತವಾಗಿ ಗೊತ್ತಿಲ್ಲದೆ ನಾನು ಎಂದೂ ಬಾಯಿ ಬಿಟ್ಟವಳಲ್ಲ. ಗೋಡೆ ಒಣಗಿದ್ದು ಗೊತ್ತಿತ್ತು. ಅವನು ಯಾಕೆ ಮುಚ್ಚಿಡುತ್ತಿದ್ದಾನೆ ಎಂಬುದು ಗೊತ್ತಿರಲಿಲ್ಲ. ನನಗಾಗಿ ಅಲ್ಲದಿದ್ದರೆ, ನನ್ನ ಬಾಯಿಂದಲೇ ಅವನನ್ನು ಕಳಿಸಿಕೊಟ್ಟಂತೆ.

“ಚಾಲೆಂಜ್,” ಅಂದೆ.

ಹೆಡ್ಲಿ ಮೆಲ್ಲಗೆ ತಲೆಯೆತ್ತಿದ. ನಾನು ಎದ್ದು ಹಿಂಬದಿಗೆ ನಡೆದೆ, ಅವನೂ ಬಂದ. ಅವನ ಅಂಗೈ ಹಿಡಿದು ಗೋಡೆಯ ಮೇಲಿಟ್ಟೆ. ಸಂಜೆಯ ಬಿಸಿಲಿಗೆ ಅದು ಬೆಚ್ಚಗಿತ್ತು.

“ನೀನು ಸಿಕ್ಕಿಬಿದ್ದೆ,” ಅಂದೆ. “ಇಟ್ಟಿದ್ದನ್ನ ವಾಪಸ್ ತಗೋಬೇಕು.”

“ತಗೊಂಡೆ. ಒಣಗಿ ತಿಂಗಳಾಯ್ತು.” ಅವನು ನೆಲ ನೋಡಿದ, ಆಮೇಲೆ ನನ್ನನ್ನು. “ಒಣಗಿತು ಅಂದ್ಬಿಟ್ರೆ ಗುರುವಾರ ನೀನು ಎದುರಿಗೆ ಇರಲ್ವಲ್ಲ ಲಿನೆಟ್. ನಂಗೆ ನೀನು ಬೇಕು. ಹೇಳೋಕೆ ಬರ್ದೇ ಗೋಡೆ ಮೇಲೆ ಹಾಕ್ದೆ.”

ಸಂತೋಷಕ್ಕೆ ಅಲ್ಲೇ ಕುಣಿಯಬೇಕೆನಿಸಿತು. ಮಾತು ಮಾತ್ರ ಗತ್ತಿನಲ್ಲೇ ಬಂತು.

“ನಮ್ಮ ಹಿತ್ತಲ ಗೋಡೆ ಬೀಳೋ ಹಾಗಿದೆ. ಸರಿಮಾಡೋಕೆ ವರ್ಷಗಟ್ಲೆ ಬೇಕಾಗ್ಬಹುದು.”

“ಟೋಪಿ, ಬೂಟು ಎರಡೂ ಇರೋ ಆ ಗೋಡೆನಾ?”

“ಹ್ಞೂಂ. ಚಾಲೆಂಜ್ ಮಾಡ್ತೀಯಾ?”

ಅವನ ತುಟಿಯ ಅಂಚಿನಲ್ಲಿ ಮೊದಲು ಕಾಣಿಸಿಕೊಂಡ ನಗು ಕಣ್ಣಿಗೆ ತಲುಪುವಷ್ಟರಲ್ಲಿ ಜೇಬಿನಿಂದ ಫೋನ್ ತೆಗೆದಿದ್ದ.

“ನಮಸ್ಕಾರ, ಹೆಡ್ಲಿ ಮಾತಾಡ್ತಿರೋದು,” ನಾರ್‌ಫೋಕ್‌ನವರಿಗೆ ಹೇಳಿದ. “ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ಇಲ್ಲೊಂದು ಗೋಡೆ ಬೀಳೋ ಹಾಗಿದೆ.”