ಸಾಹೇಬನ ಮೂಗಿನ ಪಟ್ಟಿ

“ನಮ್ಮ ನಾಯಿ ಯಾರನ್ನೂ ಕಚ್ಚಲ್ಲ ರೀ. ಬಾಯಿ ಕಟ್ಟೋದೆಲ್ಲ ಬೇಡ!”

ನಾಯಿ ಸಾಮಾನಿನ ಅಂಗಡಿಯಲ್ಲಿದ್ದ ಗಿರಾಕಿಗಳು ಆ ಯುವತಿಯ ಕಡೆ ತಿರುಗಿ ನೋಡಿದರು. ಕೈಯಲ್ಲಿ ಪಟ್ಟಿ ಹಿಡಿದು ನಿಂತಿದ್ದ, ಅಂಗಡಿ ನಡೆಸುವ ನಾಯಿ ತರಬೇತುದಾರ ಮಾತ್ರ ಮುಗುಳ್ನಕ್ಕ. ಅಷ್ಟರಲ್ಲಿ ಸಾಹೇಬ ಎಂಬ ಆ ಕಂದು ನಾಯಿ ಅವಳನ್ನು ಬಿಸ್ಕತ್ತಿನ ಕಪಾಟಿನವರೆಗೆ ದರದರನೆ ಎಳೆದೊಯ್ದಿದ್ದ.

“ಇದು ಬಾಯಿ ಕಟ್ಟೋದಲ್ಲ, ಹೆಡ್ ಹಾಲ್ಟರ್, ಮೂಗಿನ ಮೇಲೆ ಹಾಕೋ ಪಟ್ಟಿ. ಇದನ್ನ ಹಾಕ್ಕೊಂಡೇ ನೀರು ಕುಡೀಬಹುದು, ಆಕಳಿಸಬಹುದು. ನಿಮ್ಮ ಹಾಗೆ ಜಗಳಾನೂ ಆಡಬಹುದು.”

ಅವಳಿಗೆ ನಗು ಬಂತು. ತೋರಿಸಿಕೊಳ್ಳಲಿಲ್ಲ. “ಕಾಲರ್ ಸಾಲದಾ?”

“ಕಾಲರ್ ಹಿಡಿದು ಎಳೆದ್ರೆ ಅವನು ಮೈಬಲವೆಲ್ಲ ಹಾಕಿ ಮುಂದಕ್ಕೆ ಎಳೀತಾನೆ. ಇದ್ರಲ್ಲಿ ಹಗ್ಗ ಗಲ್ಲದ ಕೆಳಗಿರುತ್ತೆ. ಮೆಲ್ಲಗೆ ಹಿಡಿದ್ರೂ ಮುಖ ನಿಮ್ಮ ಕಡೆ ತಿರುಗುತ್ತೆ. ಮುಖ ತಿರುಗಿದ ಮೇಲೆ ಮೈ ಎಲ್ಲಿಗೆ ಹೋಗುತ್ತೆ?”

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ಅವಳ ಕೆಲಸ. ಬೆಕ್ಕು ಕಂಡು ಸಾಹೇಬ ಜಿಗಿದಾಗ ಹಗ್ಗ ಹಿಡಿದಿದ್ದ ಅವಳ ಅಮ್ಮ ಬಿದ್ದಿದ್ದರು. ಅಮ್ಮನ ಮುರಿದ ಮಣಿಕಟ್ಟನ್ನು ಪರದೆಯ ಮೇಲೆ ಮೊದಲು ಕಂಡವಳೂ ಅವಳೇ. “ಪ್ಲಾಸ್ಟರ್ ಬಿಚ್ಚೋದ್ರೊಳಗೆ ಇದು ದಾರಿಗೆ ಬರದಿದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ” ಎಂದು ಅಣ್ಣ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಅಮ್ಮ ಅಂದು ಊಟಕ್ಕೇ ಏಳಲಿಲ್ಲ.

“ಅಣ್ಣ ಉಕ್ಕಿನ ಸರಪಳಿ ತಾ ಅಂದಿದ್ದ. ಎಳೆದ್ರೆ ಬಿಗಿಯುತ್ತಲ್ಲ, ಅದು.”

“ಅದನ್ನ ನಾನು ಇಟ್ಟಿಲ್ಲ. ನೋವಿಗೆ ಹೆದರ್ಕೊಂಡು ನಡೆಯೋ ನಾಯಿ ನನಗೆ ನೋಡೋಕಾಗಲ್ಲ.” ಅವನು ಅಗಲವಾದ ಬಟ್ಟೆಯ ಕಾಲರೊಂದನ್ನು ತೆಗೆದ. “ಹೆಸರಿನ ಬಿಲ್ಲೆಗೆ ಇದಿರಲಿ. ಒಳಗೆ ಎರಡು ಬೆರಳು ಆರಾಮಾಗಿ ಹೋಗಬೇಕು.”

ಅವಳು ಅದನ್ನು ತನ್ನ ಮಣಿಕಟ್ಟಿಗೇ ಸುತ್ತಿಕೊಂಡು ಬಕಲ್ ಹಾಕಿದಳು. “ಹೀಗಾ?”

ಅವನು ಯೋಚಿಸದೆ ಎರಡು ಬೆರಳು ತೂರಿಸಿದ. ಅಲ್ಲಿ ಅವಳ ನಾಡಿ ಬಡಿಯುತ್ತಿತ್ತು.

“ಸ್ವಲ್ಪ... ಬಿಗಿಯಾಯ್ತು” ಎಂದು ಬೆರಳು ತೆಗೆದುಕೊಂಡ. ಅವನ ಕಿವಿ ಕೆಂಪಾಗಿದ್ದು ಅವಳ ಕಣ್ಣಿಗೆ ಬಿತ್ತು. ಇವನ್ಯಾರು, ಏನು ಕತೆ ಎಂದು ತಿಳಿಯುವ ಆಸೆ ಅವಳಿಗೆ ಹುಟ್ಟಿದ್ದೇ ಆಗ.

ಸಂಜೆ ಸಂಜೆ ಅಂಗಡಿಯ ಹಿಂದಿನ ಬಯಲಿನಲ್ಲಿ ಪಾಠ ಶುರುವಾಯಿತು. ಮೊದಮೊದಲು ಪಟ್ಟಿ ತೋರಿಸುವುದು, ಸಾಹೇಬ ತಾನಾಗಿ ಮೂಗು ತೂರಿಸಿದರೆ ತಿಂಡಿ ಕೊಡುವುದು, ಅಷ್ಟೇ. ಅವಳ ಪ್ರಶ್ನೆಗಳಿಗೆ ಮಾತ್ರ ಕೊನೆಯಿರಲಿಲ್ಲ. ಪಂಜದಿಂದ ಯಾಕೆ ಪಟ್ಟಿ ಉಜ್ಜುತ್ತಾನೆ? ಯಾಕೆ ನೆಲ ಮೂಸುತ್ತಾನೆ? ನಾಯಿಯ ಬಗ್ಗೆ ಏನು ಕೇಳಿದರೂ ಅವನು ಬಿಡಿಸಿ ಹೇಳುತ್ತಿದ್ದ.

“ನಿಮ್ಮನೇಲಿ ಯಾರ್ಯಾರಿದೀರಿ?” ಎಂದರೆ, “ಹಗ್ಗ ಸಡಿಲ ಬಿಡಿ” ಎನ್ನುತ್ತಿದ್ದ.

“ನಿನ್ನ ನಾಯಿ ಮೇಷ್ಟ್ರು ಇವತ್ತೇನಂದ್ರು?” ಎಂದು ಅಮ್ಮ ದಿನವೂ ಕೇಳುತ್ತಿದ್ದರು. ಅವಳ ಮುಖ ನೋಡಿ ತುಟಿಯಂಚಿನಲ್ಲೇ ನಗುತ್ತಿದ್ದರು.

ಒಂದು ಸಂಜೆ ಎಡವಟ್ಟಾಯಿತು. ಪ್ಲಾಸ್ಟರ್ ಬಿಚ್ಚುವ ದಿನ ಹತ್ತಿರವಾಗಿತ್ತು. ಪಾರಿವಾಳ ಕಂಡು ನುಗ್ಗಿದ ಸಾಹೇಬನನ್ನು ಅವಳು ರಪ್ಪನೆ ಜಗ್ಗಿದಳು. ಅವನು ಕುಂಯ್ ಎಂದು ಅಲ್ಲೇ ಮಲಗಿಬಿಟ್ಟ. ಕರೆದರೂ ಏಳಲಿಲ್ಲ. ತರಬೇತುದಾರ ಓಡಿ ಬಂದು, ಕುತ್ತಿಗೆಯನ್ನು ಮೆಲ್ಲಗೆ ಸವರಿ ನೋಡಿದ.

“ಪೆಟ್ಟಾಗಿಲ್ಲ. ಬೇಜಾರಾಗಿದೆ.”

ಅವಳು ಹುಲ್ಲಿನ ಮೇಲೆ ಕುಸಿದು ಕೂತು ಅತ್ತಳು. “ಅಮ್ಮನ ಕೈಯಿಂದ ಇವನನ್ನ ನಾನೇ ತಪ್ಪಿಸ್ತೀನೇನೋ. ನಿಮಗೆ ಕೋಪಾನೇ ಬರಲ್ವಾ?”

“ಬರುತ್ತೆ. ಬಂದಾಗ ಹಗ್ಗ ಬೇರೆಯವರ ಕೈಗೆ ಕೊಡ್ತೀನಿ.” ಅವನು ಕೈ ಚಾಚಿದ. “ಕೊಡಿ.”

ಅವಳು ಹಗ್ಗ ಕೊಟ್ಟಳು. ಅವನು ಪಕ್ಕದಲ್ಲೇ ಕೂತ. ಯಾರೂ ಕೇಳದೆಯೇ ಹೇಳಿದ: “ಮನೇಲಿ ನಾನೊಬ್ಬನೇ. ನಂದೂ ಒಂದು ನಾಯಿಯಿತ್ತು, ವಯಸ್ಸಾಗಿ ಹೋಯ್ತು. ಆಮೇಲೆ ಮನೇಲಿ ಯಾರ ಜೊತೆ ಮಾತಾಡ್ಬೇಕು ಅಂತಾನೇ ಗೊತ್ತಾಗ್ಲಿಲ್ಲ.”

ಅವಳು ಕಣ್ಣೊರೆಸಿಕೊಂಡು ಅವನನ್ನೇ ನೋಡಿದಳು. ಸಾಹೇಬ ಎದ್ದು ಬಂದು ಇಬ್ಬರ ನಡುವೆ ತಲೆಯಿಟ್ಟ.

ಪ್ಲಾಸ್ಟರ್ ಬಿಚ್ಚಿದ ಮಾರನೇ ದಿನ ಅಮ್ಮ ಹಗ್ಗ ಹಿಡಿದು ಬೀದಿಗಿಳಿದರು. ಅಣ್ಣ ಕೈಕಟ್ಟಿ ಗೇಟಿನಲ್ಲಿ ನಿಂತಿದ್ದ. ಎದುರಿನ ಗೋಡೆಯಿಂದ ಬೆಕ್ಕು ಧುಮುಕಿತು. ಸಾಹೇಬನ ಮೈ ಬಿಗಿಯಾಯಿತು. ಅವಳು ಒಂದು ಹೆಜ್ಜೆ ಮುಂದಿಟ್ಟಳು. ಅಮ್ಮ ಹಗ್ಗ ಎಳೆಯಲಿಲ್ಲ, “ಸಾಹೇಬಾ” ಎಂದರು ಅಷ್ಟೇ. ಅವನು ಮುಖ ತಿರುಗಿಸಿ ಅಮ್ಮನನ್ನು ನೋಡಿದ. ಬೆಕ್ಕು ಅದರ ಪಾಡಿಗೆ ಹೋಯಿತು.

“ಸರಿ ಬಿಡು, ಇರಲಿ” ಎಂದ ಅಣ್ಣ.

ಅವಳು ಅಂಗಡಿಗೆ ಓಡಿದಳು. ಸುದ್ದಿ ಕೇಳಿ ಅವನ ಮುಖ ಅರಳಿತು, ಆಮೇಲೆ ಯಾಕೋ ಸಪ್ಪಗಾಯಿತು.

“ಹಾಗಾದ್ರೆ ಪಾಠ ಮುಗೀತು.”

“ಹೂಂ.”

ಅವನು ಕೌಂಟರಿನ ಮೇಲಿದ್ದ ಕಾಲರುಗಳನ್ನು ಜೋಡಿಸಿದ, ಕೆದರಿದ, ಮತ್ತೆ ಜೋಡಿಸಿದ. “ನಾಳೆ ಸಂಜೆ ಬರ್ತೀರಾ? ಸಾಹೇಬನ್ನ ಮನೇಲೇ ಬಿಟ್ಟು.”

“ನಾಯಿ ಇಲ್ದೆ ಏನು ಕಲಿಸ್ತೀರಿ?”

“ಕಲಿಸೋಕೇನಿಲ್ಲ.” ಈ ಸಲ ಅವನು ಕಣ್ಣು ತಪ್ಪಿಸಲಿಲ್ಲ. “ನೀವು ನನಗೆ ತುಂಬಾ ಇಷ್ಟ ಆಗಿದೀರಿ. ಸುಮ್ನೆ ನಿಮ್ಮ ಜೊತೆ ನಡೀಬೇಕು ಅನ್ನಿಸ್ತಿದೆ.”

ಅವಳ ಕಿವಿಯೂ ಬಿಸಿಯಾಯಿತು. ಬಾಯಿ ತುಂಬ ಪ್ರಶ್ನೆಗಳಿದ್ದವಳಿಗೆ ಆ ಗಳಿಗೆಯಲ್ಲಿ ಹೊಳೆದದ್ದು ಒಂದೇ.

“ಎಷ್ಟು ಹೊತ್ತಿಗೆ ಬರಲಿ?”