೭೧೧೪ನೇ ಎರಕ

೧೮೯೯ರ ಜನವರಿ ೯, ಸೋಮವಾರ. ಬೆಳಗ್ಗೆ ೮-೪೦ಕ್ಕೆ ಹಾರ್ಲನ್ಸ್ ಫೆರಿ ಠಾಣೆಗೆ ದೂರು ಬಂತು. ತಂದವನು ಉಕ್ಕಿನ ಕಾರ್ಖಾನೆಯ ಮ್ಯಾನೇಜರ್ ಥರ್ಸ್ಟನ್. ಟೋಪಿ ತೆಗೆಯಲಿಲ್ಲ, ಕೂರಲೂ ಇಲ್ಲ.

"ಬರ್ಕೋ ಗೆರಿಟಿ. ಯುದ್ಧನೌಕೆಗೆ ಹೋಗೋ ಕವಚದ ಹಲಗೆ ಮೇಲೆ ಯಾವನೋ ಉಳಿಯಲ್ಲಿ ಕೆತ್ತಿದ್ದಾನೆ. ಬುಧವಾರ ರೈಲಿಗೆ ಹಾಕ್ಬೇಕು. ಅಷ್ಟರೊಳಗೆ ಅವನು ಒಳಗಿರ್ಬೇಕು."

ಇನ್‌ಸ್ಪೆಕ್ಟರ್ ಗೆರಿಟಿ ಎಫ್‌ಐಆರ್ ಬರೆದುಕೊಂಡ. ಬರೆಯದೆ ಏನು ಮಾಡುತ್ತಾನೆ? ಠಾಣೆಯ ಕಟ್ಟಡವೂ ಕಾರ್ಖಾನೆಯದೇ.

೧೦-೧೫ಕ್ಕೆ ಸ್ಥಳ ಪಂಚನಾಮೆ. ಹದಿನಾಲ್ಕು ಅಡಿ ಉದ್ದ, ಎಂಟು ಅಂಗುಲ ದಪ್ಪದ ಉಕ್ಕು. ಮೂಲೆಯಲ್ಲಿ, ಯಾವ ಎರಕದ ಉಕ್ಕೆಂದು ತಿಳಿಸುವ ನಂಬರು ೭೧೧೪. ನಡುವೆ ಗೇಣುದ್ದದ ಶಿಲುಬೆ, ಮೂರು ಅಡ್ಡಪಟ್ಟಿ, ಕೊನೆಯದು ಓರೆ.

"ಇದು ರುಸಿನ್ ಜನದ ಶಿಲುಬೆ ಸಾರ್, ಕಡಲಾಚೆಯಿಂದ ಕೂಲಿಗೆ ಬಂದಿದಾರಲ್ಲ ಅವರದು," ಎಂದ ಕಾನ್‌ಸ್ಟೆಬಲ್ ಶ್ಟುಂಪ್.

ಮೇಸ್ತ್ರಿ ಪ್ರೈಸ್ ತಲೆಯಾಡಿಸಿದ. "ಗುರುವಾರ ಸಂಜೆ ನಾನೇ ನೋಡಿದ್ದೆ, ನುಣ್ಣಗಿತ್ತು. ಶನಿವಾರ ಬೆಳಗ್ಗೆ ಗಡಸಾಗ್ಲಿ ಅಂತ ಕಾಸಿ ನೀರು ಬಿಟ್ವಿ. ಆಮೇಲೆ ಉಳಿ ಮುರಿಯುತ್ತೆ, ಗೆರೆ ಬೀಳಲ್ಲ. ಇವತ್ತು ಮಸಿ ತೊಳೆದಾಗ ಕಾಣಿಸ್ತು."

"ಅಂದ್ರೆ ಶುಕ್ರವಾರದ ಕೆಲಸ," ಎಂದ ಗೆರಿಟಿ.

"ಶುಕ್ರವಾರ ಆ ಹಂಕಿಗಳೆಲ್ಲಿದ್ರು?" ಪ್ರೈಸ್ ಬಾಯಲ್ಲಿ ವಲಸೆ ಕೂಲಿಗಳೆಲ್ಲ ಹಂಕಿಗಳೇ. " ಅವರ ಹಳೇ ಕ್ಯಾಲೆಂಡರಿನ ಕ್ರಿಸ್ಮಸ್ಸು. ಕೆಲಸದಿಂದ ತೆಗೀತೀವಿ ಅಂದ್ರೂ ಬರಲ್ಲ, ಹಟಮಾರಿ ನನ್ಮಕ್ಳು."

"ಒಬ್ಬನೂ ಬರಲಿಲ್ವಾ?"

ಗೇಟಿನಲ್ಲಿ ಹಾಜರಿಗೆ ಹಿತ್ತಾಳೆ ಬಿಲ್ಲೆಗಳು. ಕಾವಲುಗಾರನ ಪಟ್ಟಿಯ ಪ್ರಕಾರ, ಆ ಶುಕ್ರವಾರ ಮೂವತ್ತೊಂದು ರುಸಿನ್ ಬಿಲ್ಲೆಗಳಲ್ಲಿ ಮೂವತ್ತು ಮೊಳೆಯಲ್ಲೇ ನೇತಾಡಿದ್ದವು. ಒಳಹೋದದ್ದು ಒಂದೇ: ವಸಿಲ್ ಕೊಪ್ಚಾ.

ಕೊಪ್ಚಾ. ಗೆರಿಟಿಗೆ ಆ ಹೆಸರು ಗೊತ್ತಿತ್ತು. ಪಾಳಿ ಬದಲಾಗುವ ಭಾನುವಾರ ಇವರು ಇಪ್ಪತ್ತನಾಲ್ಕು ಗಂಟೆ ಒಂದೇ ಸಮನೆ ದುಡಿಯಬೇಕು. ಅಕ್ಟೋಬರಿನ ಅಂಥದೊಂದು ಪಾಳಿಯ ಇಪ್ಪತ್ತಮೂರನೇ ಗಂಟೆಯಲ್ಲಿ ವಸಿಲನ ತಮ್ಮ ಮಿಟ್ರೋ ತೂಕಡಿಸಿ ಕುದಿಯುವ ಉಕ್ಕಿಗೆ ಬಿದ್ದ. ಎತ್ತಲು ಏನೂ ಉಳಿದಿರಲಿಲ್ಲ. ಅವನು ಕರಗಿದ ಉಕ್ಕಿನ ಗಟ್ಟಿಯನ್ನೇ ಪೆಟ್ಟಿಗೆಯಲ್ಲಿಟ್ಟು, ಕಿಟ್ಟದ ಗುಡ್ಡದ ಹಿಂದೆ ಪಾದ್ರಿಯನ್ನು ಕರೆಸಿ ಹೂಳಿದೆವೆಂದು ಕಾರ್ಖಾನೆ ಹೇಳಿತ್ತು. ಬಂದೋಬಸ್ತಿಗೆ ಗೆರಿಟಿಯೇ ನಿಂತಿದ್ದ.

ಮಧ್ಯಾಹ್ನ ೧ಕ್ಕೆ ವಸಿಲನ ಬಿಡಾರ. ಊಟ ಹಾಕುವ ಪರಾಸ್ಕಾ ಬಾಗಿಲಲ್ಲೇ ಅಡ್ಡ ನಿಂತಳು.

"ಹಬ್ಬದ ಹಿಂದಿನ ಸಂಜೆ ಸತ್ತೋರಿಗೂ ಒಂದು ತಟ್ಟೆ ಇಡ್ತೀವಿ ಸಾಹೇಬ್ರೆ. ಮಿಟ್ರೋನ ತಟ್ಟೆ ನೋಡಿ ಇವನು ಅಣಬೆ ಸಾರು ಮುಟ್ಟದೆ ಎದ್ದ. ಬೆಳಗಾದ್ರೆ ಕೆಲಸಕ್ಕೆ ಹೋದ. ಎಲ್ರೂ ಉಗಿದ್ರು."

ವಸಿಲ್ ಒಳಗೇ ಕೂತಿದ್ದ.

"ಕೆತ್ತಿದ್ದು ನೀನಾ?"

"ಹೂಂ."

"ಯಾಕೆ?"

"ಮೂಲೇಲಿ ನಂಬರ್ ನೋಡಿದ್ರಾ? ನಂಗೆ ನಿಮ್ಮ ಅಕ್ಷರ ಬರಲ್ಲ, ನಂಬರ್ ಬರುತ್ತೆ. ತಮ್ಮ ಬಿದ್ದಿದ್ದು ೭೧೧೪ಕ್ಕೆ."

"ಅದನ್ನ ಹೂತಾಯ್ತಲ್ಲ."

"ಹೋಗಿ ಅಗೀರಿ."

ಅಗೆದರು. ನೆಲ ಹೆಪ್ಪುಗಟ್ಟಿತ್ತು, ಶ್ಟುಂಪನ ಗುದ್ದಲಿಯ ಕಾವು ಮುರಿಯಿತು. ೩-೩೦ಕ್ಕೆ ಎರಡನೇ ಪಂಚನಾಮೆ: ನಾಲ್ಕಡಿ ಆಳದಲ್ಲಿ ಮರದ ಪೆಟ್ಟಿಗೆ, ಒಳಗೆ ಕುಲುಮೆಯ ಕಿಟ್ಟ. ಉಕ್ಕು ಇಲ್ಲ.

ಸುದ್ದಿ ಕೇಳಿ ಬಂದ ಥರ್ಸ್ಟನ್ ಗಾಡಿಯಿಂದ ಇಳಿಯದೆಯೇ ಕೂಗಿದ. "ಗುಂಡಿ ತೋಡು ಅಂದ್ನಾ ನಾನು?"

"ಇದು ಖಾಲಿ ಗೋರಿ ಸ್ವಾಮಿ."

"ಅಷ್ಟೊಂದು ಉಕ್ಕನ್ನ ಮಣ್ಣುಪಾಲು ಮಾಡ್ಬೇಕಿತ್ತಾ? ಅವನೆಷ್ಟು ತೂಗ್ತಿದ್ದ? ನೌಕೆ ಏರಿ ಮನಿಲಾ ಕಾಯೋಕೆ ಹೋಗ್ತಿದಾನೆ. ಯಾವ ಹಂಕಿಗೆ ಸಿಕ್ಕಿದೆ ಇಂಥ ಗತಿ?"

"ಇದನ್ನೂ ಬರ್ಕೊಳ್ಲಾ?"

"ಧಾರಾಳವಾಗಿ ಬರ್ಕೋ. ಓದೋ ಜಡ್ಜು ನಮ್ಮನೇಲೇ ಊಟ ಮಾಡ್ತಾನೆ."

ಗೆರಿಟಿ ಬರೆದ. ಆದರೆ ಆ ಬರಹಕ್ಕೆ ಹಚ್ಚಲು ಕಾನೂನಿನಲ್ಲಿ ಒಂದು ಕಲಮೂ ಸಿಗಲಿಲ್ಲ. ಕೆತ್ತಿದವನಿಗೆ ಮೂರು ಸಿಕ್ಕವು.

ಸಂಜೆ ೫-೧೦ಕ್ಕೆ ದಸ್ತಗಿರಿ. ಕೋಳ ಹಾಕುವಾಗ ಗೆರಿಟಿ ಸಿಡುಕಿದ. "ಮೊದಲೇ ಠಾಣೆಗೆ ಬಂದು ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ಹಲಗೆ ನಿಲ್ಲಿಸ್ತಿದ್ರಾ?"

ಗೆರಿಟಿ ಕೋಳದ ಕೀಲಿ ತಿರುಗಿಸಿದ.

ಹೇಳಿಕೆಯಲ್ಲಿ ವಸಿಲ್ ಬರೆಸಿದ್ದು ಇಷ್ಟೇ: ನೌಕೆ ಮುಳುಗಿಸುವ ಉದ್ದೇಶ ತನಗಿರಲಿಲ್ಲ. ಊರಲ್ಲಿ ಅಮ್ಮ ಇದ್ದಾಳೆ. ತಮ್ಮನನ್ನು ಎಲ್ಲಿ ಮಲಗಿಸಿದಿರಿ ಎಂದು ಕಾಗದ ಬರೆಸಿದ್ದಳು. ಗುಡ್ಡದ ಹಿಂದೆ, ಒಳ್ಳೆ ಜಾಗ, ಎಂದು ತಾನು ಆ ನಂಬರು ಕಾಣುವ ಮೊದಲೇ ಉತ್ತರ ಬರೆಸಿಬಿಟ್ಟಿದ್ದ.