ತಂಬಾಕು ಒಲ್ಲೆನೆಂದ ಅಳಿಯ

ಮೊದಲ ಭೇಟಿಯಲ್ಲಿ ಶಿಲ್ಪಾ ಮೈಲೇಶನನ್ನು ಮೂಗನೆಂದೇ ತಿಳಿದಳು. ಅಪ್ಪನ ಮೆಣಸಿನಕಾಯಿ ಚೀಲಗಳ ಜೊತೆ ಹಲಗೇರಿಯಿಂದ ಬ್ಯಾಡಗಿ ಮಾರ್ಕೆಟ್ಟಿಗೆ ಬಂದವಳು ರೇಟು ಕೇಳಿದರೆ, ದಲಾಲಿ ಅಂಗಡಿಯ ಈ ಗುಮಾಸ್ತ ಹುಬ್ಬು ಎತ್ತಿದ, ಕೈ ಆಡಿಸಿದ, ‘ಹೂಂ’ ಎಂದ. ಪಾಪ ಎನಿಸಿ ಅವಳೂ ಕೈಸನ್ನೆಯಲ್ಲೇ ವ್ಯಾಪಾರ ಮುಗಿಸಿದಳು. ಆಮೇಲೆ ಅವನು ಮೂಲೆಗೆ ಹೋಗಿ ಗುಟಕಾ ಉಗುಳಿ ಬಂದು ಕೇಳಿದ, “ಚಾ ಕುಡೀತೀರೇನ್ರಿ?”

“ಇಷ್ಟು ಛಲೋ ದನಿ ಇಟಗೊಂಡು ಬಾಯಿಗೆ ಬೀಗ ಯಾಕ ಹಾಕೀರಿ?”

ಮೈಲೇಶನ ಕಿವಿ ಕೆಂಪಗಾಯಿತು. ಅವಳು ಅದನ್ನು ಪುರಸೊತ್ತಾಗಿ ನೋಡಿದಳು.

ಮುಂದೆ ಸಲಿಗೆ ಬೆಳೆದು, ಅವನು ಗುಟಕಾ ಬಿಡುತ್ತೇನೆಂದು ಆಣೆ ಮಾಡಲು ಬಂದಾಗಲೆಲ್ಲ ಶಿಲ್ಪಾ ತಡೆದಳು. ರೀಲ್ಸ್ ನೋಡುವ ಚಟ ಬಿಟ್ಟವಳು ಅವಳು. ಆಣೆಗಳ ಆಯುಷ್ಯ ಎಷ್ಟೆಂದು ಗೊತ್ತಿತ್ತು. ಬೇಕೆನಿಸಿದಾಗ ಕುಸ್ತಿ ಹಿಡಿಯಬೇಡ, ಸುಮ್ಮನೆ ಕೂತು ನೋಡು ಎಂದು ಕಲಿಸಿದಳು: ಎಳೆತ ನಾಲಿಗೆಯ ಬುಡದಲ್ಲೋ ದವಡೆಯಲ್ಲೋ, ಏರಿದ್ದು ಹೇಗೆ ಇಳಿಯುತ್ತದೆ. ಮೈಲೇಶ ನೋಡಿದ, ಸೋತ, ಮತ್ತೆ ನೋಡಿದ. ಸೋತ ದಿನವೂ ಅವಳು ಬೈಯಲಿಲ್ಲ. ರುಚಿ ಹೇಗಿತ್ತು ಎಂದಷ್ಟೇ ಕೇಳಿದಳು. ಲಕ್ಷ್ಯಗೊಟ್ಟು ಅಗಿದಾಗ ಅವನಿಗೆ ಸಿಕ್ಕಿದ್ದು ಸುಣ್ಣ, ಸೆಂಟು ಮತ್ತು ಒಂದಿಷ್ಟು ಸುಳ್ಳು.

ಹೆಣ್ಣು ಕೇಳಲು ಹಲಗೇರಿಗೆ ಹೋದಾಗ ಅವಳ ಅಪ್ಪ ಭರಮಣ್ಣ ಹಿರಿಯರೆದುರು ತಂಬಾಕು, ಸುಣ್ಣ ತಿಕ್ಕಿ ಅಂಗೈ ಚಾಚಿದ. ಆ ಮನೆತನದಲ್ಲಿ ಒಪ್ಪಿಗೆಯೆಂದರೆ ಅದೇ. ಚಿಟಿಕೆ ಎತ್ತಿದವನು ಅಳಿಯ. ಎತ್ತದವನು ಎದ್ದು ಚಪ್ಪಲಿ ಮೆಟ್ಟಬೇಕು.

ವಾಸನೆ ಬಡಿದು ಮೈಲೇಶನ ಬಾಯಲ್ಲಿ ನೀರೂರಿತು. ಎಲ್ಲರೂ ಅವನನ್ನು ನೋಡುತ್ತಿದ್ದರು, ಅವನು ತನ್ನೊಳಗೆ ನೋಡಿದ. ದವಡೆ ಬಿಗಿಯಿತು. ಸೆಳೆತ ಕಿವಿಯ ತನಕ ಏರಿತು, ನಿಂತಿತು, ಇಳಿಯತೊಡಗಿತು.

“ನಿಮ್ಮ ಮಗಳು ಬೇಕ್ರಿ ಮಾವಾರ. ಇದು ಬ್ಯಾಡ.”

“ಹಿರ್ಯಾರ ಕೈ ತಳ್ಳಿದವಗ ಹೆಣ್ಣು ಕೊಡೂ ಪದ್ಧತಿ ನಮ್ಮಲ್ಲಿಲ್ಲ,” ಎಂದ ಭರಮಣ್ಣ.

ಮೈಲೇಶ ಏಳಲಿಲ್ಲ. ಬಾಗಿಲಲ್ಲಿದ್ದ ಶಿಲ್ಪಾ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ಬಂದು, ಗಂಡಸರ ಜಮಖಾನೆಯ ಮೇಲೆ ಅವನ ಮಗ್ಗುಲಿಗೇ ಕೂತಳು. ಹಿರಿಯರೊಬ್ಬರು ಕೆಮ್ಮಿದರು.

“ಅಪ್ಪಾ, ಇವ್ರು ಅದನ್ನ ತಗೊಂಡಿದ್ರ ನಾನೇ ಒಲ್ಲೆ ಅಂತಿದ್ನಿ.”

ಭರಮಣ್ಣನ ಮುಷ್ಟಿ ಮೆಲ್ಲಗೆ ಮುಚ್ಚಿಕೊಂಡಿತು. “ಹಂಗಾದ್ರ ನಾ ಒಪ್ಪಿಗಿ ಹೆಂಗ ಕೊಡ್ಲಿ?”

“ಕೊಟ್ರ ಕೊಡು,” ಎಂದು ಅವಳು ಮೈಲೇಶನ ಕೈಯನ್ನು ಎಲ್ಲರಿಗೂ ಕಾಣುವಂತೆ ತನ್ನ ಮಡಿಲಿಗೆ ತೆಗೆದುಕೊಂಡಳು. “ನಾ ಅಂತೂ ತಗೊಂಡೇನಿ.”